ಅಳತೆ ತೆಗೆಯದೆ ಹೊಲಿದ ಕಥೆ

ಆ ಬೀದಿಯಲ್ಲಿ ಕತ್ತರಿಯಕ್ಕನ ಬಾಯಿಗೆ ಹೆದರದವರು ಯಾರೂ ಇರಲಿಲ್ಲ. ಅವಳ ಹೊಲಿಗೆ ಅಂಗಡಿಗೆ ಬಟ್ಟೆ ಹಿಡಿದು ಬಂದವರು ಮೊದಲು ಬೈಸಿಕೊಳ್ಳಬೇಕು, ಆಮೇಲೆ ಅಳತೆ ಕೊಡಬೇಕು. "ಇಷ್ಟು ದೊಡ್ಡ ಹೊಟ್ಟೆ ಸಾಕಿದ್ದೀರಿ, ಬಟ್ಟೆ ಮಾತ್ರ ಗುಬ್ಬಿಗೆ ಆಗುವಷ್ಟು ತಂದಿದ್ದೀರಿ. ಉಳಿದ ಮೈಗೆ ಪೇಪರ್ ಸುತ್ತಲಾ?" ಎಂದು ಗಂಡಸರ ಮುಖಕ್ಕೇ ಕೇಳುವಳು. ಆದರೂ ಗಿರಾಕಿಗಳು ಅವಳನ್ನು ಬಿಟ್ಟು ಹೋಗುತ್ತಿರಲಿಲ್ಲ. ಅವಳು ಕತ್ತರಿಸಿದ ಕೋಟು ಹೆಗಲ ಮೇಲೆ ಕೂತರೆ ಹುಟ್ಟುವಾಗಲೇ ಜೊತೆಗೆ ಬಂದ ಚರ್ಮದ ಹಾಗೆ ಕೂರುತ್ತಿತ್ತು.

ಕತ್ತರಿಸುವುದು ಅಕ್ಕ, ಹೊಲಿಯುವುದು ತಂಗಿ. ಅವರಪ್ಪ ಹಾಕಿಕೊಟ್ಟ ಕಟ್ಟು ಅದು, ಅಪ್ಪ ಹೋದ ಮೇಲೂ ಬದಲಾಗಲಿಲ್ಲ. ಅಕ್ಕ ಉದ್ದ ಮೇಜಿನ ಹಿಂದೆ ನಿಂತು ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿ ಆಡಿಸುವಳು. ತಂಗಿ ಕಿಟಕಿಯ ಪಕ್ಕದ ಮೆಷಿನ್ನಿಗೆ ಕೂತು ತುಂಡುಗಳನ್ನು ಜೋಡಿಸುವಳು. ಆ ಕತ್ತರಿಯನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಪೇಪರ್ ಕತ್ತರಿಸಲು ಯಾರಾದರೂ ಅದಕ್ಕೆ ಕೈ ಚಾಚಿದರೆ ಮುಗಿಯಿತು, ಅವತ್ತು ಅವರಿಗೆ ಊಟ ಇಳಿಯದಷ್ಟು ಮಾತು.

ಕತ್ತರಿಯಕ್ಕ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಬಂದ ಗಂಡುಗಳೆಲ್ಲ ಅಳತೆ ಕೊಡೋವಾಗಲೇ ಓಡಿಹೋದ್ರು" ಎನ್ನುವಳು. ಅಂಗಡಿಯ ಹಿಂದಿನ ಕೋಣೆಯೇ ಅವಳ ಮನೆ. ತಂಗಿಗೆ ಗಂಡ ಇದ್ದ. ದೂರದ ಊರುಗಳಿಗೆ ಲಾರಿ ಓಡಿಸುವವನು. ಮನೆಗೆ ಬಂದಾಗ ನಿದ್ದೆ ಮಾಡುವುದೇ ಅವನ ಸಂಸಾರ. ಒಬ್ಬಳೇ ಮಗಳು. ಆ ಮಗಳಿಗೆ ಕಥೆ ಕವನ ಬರೆಯುವ ಹುಚ್ಚು.

ಹುಡುಗಿಗೆ ಹಲ್ಲಿನ ಡಾಕ್ಟರ ಆಸ್ಪತ್ರೆಯಲ್ಲಿ ಬಂದವರ ಹೆಸರು ಬರೆದುಕೊಂಡು ಸಾಲಾಗಿ ಕೂರಿಸುವ ಕೆಲಸ. ಹಲ್ಲು ನೋಯುವವರು ಹೆಚ್ಚು ಹರಟುವುದಿಲ್ಲವಾದ್ದರಿಂದ ಅವಳಿಗೆ ಬರೆಯಲು ಪುರುಸೊತ್ತು ಸಿಗುತ್ತಿತ್ತು. ಆ ವರ್ಷ ಅವಳು ಬರೆದದ್ದು ಒಂದರ ಹಿಂದೆ ಒಂದು ಅಚ್ಚಾಯಿತು. ಮೊದಲು ಒಂದು ಕವನ ಬಂತು, ಮಳೆ ನಿಂತ ಮೇಲೆ ತಂತಿಯ ಮೇಲೆ ಒಣಗುವ ಅಂಗಿಗಳ ಬಗ್ಗೆ. ಬೀದಿಯವರು ಪತ್ರಿಕೆ ತೆಗೆದುಕೊಂಡು, ಅವಳ ಹೆಸರು ನೋಡಿ, "ತುಂಬಾ ಚೆನ್ನಾಗಿದೆ" ಎಂದು ಓದದೆಯೇ ವಾಪಸು ಕೊಟ್ಟರು. ಆಮೇಲೆ ಒಂದು ಲೇಖನ ಬಂತು. ರೆಡಿಮೇಡ್ ಬಟ್ಟೆ ಬಂದ ಮೇಲೆ ಹೊಲಿಗೆಯವರ ಬದುಕು ಏನಾಯಿತು ಎಂದು ಇದ್ದದ್ದು ಇದ್ದ ಹಾಗೆ ಬರೆದಿದ್ದಳು, ನಡುವೆ ದೊಡ್ಡಮ್ಮನ ಕೈಗೆಲಸವನ್ನೂ ಹೇಳಿದ್ದಳು. ಓದಿದವರು ನಕ್ಕರು. "ಸ್ವಂತ ದೊಡ್ಡಮ್ಮ ಅಲ್ವಾ, ಒಂದಕ್ಕೆ ನಾಲ್ಕು ಸೇರಿಸಿದ್ದಾಳೆ" ಎಂದರು. ಕೊನೆಗೆ ಒಂದು ಕಥೆ ಬಂತು. ಅದು ಬುಡದಿಂದ ತುದಿಯವರೆಗೆ ಕಟ್ಟಿದ್ದು. ಅದನ್ನು ಮಾತ್ರ ಬೀದಿಗೆ ಬೀದಿಯೇ ನಿಜವೆಂದು ನಂಬಿತು. ಜನ ಅಂದರೆ ಹೀಗೆಯೇ. ನಿಜ ಹೇಳಿದರೆ ಸಾಕ್ಷಿ ಕೇಳುತ್ತಾರೆ, ಸುಳ್ಳು ಹೇಳಿದರೆ ತಾವೇ ಸಾಕ್ಷಿಗೆ ನಿಲ್ಲುತ್ತಾರೆ.

ಸುದ್ದಿ ತಂದವನು ಎದುರಂಗಡಿಯ ಬೀಗದವನು. ಊರಿನ ಬೀಗವೆಲ್ಲ ಸರಿಮಾಡುತ್ತಾನೆ, ತನ್ನ ಬಾಯಿಗೆ ಒಂದು ಹಾಕಿಕೊಂಡಿಲ್ಲ.

"ಅಕ್ಕಾ, ನಿಮ್ಮ ಕಥೆ ಬಂದಿದೆಯಲ್ಲ ಈ ಸಲ!"

"ಯಾವ ನಮ್ಮ ಕಥೆ?"

"ನಿಮ್ಮಿಬ್ಬರದೇ. ಬ್ರೆಡ್ ಅಂಗಡಿ ಅಂತ ಹಾಕಿದ್ದಾಳೆ. ನಮಗೆ ಗೊತ್ತಾಗಲ್ವಾ? ಅಕ್ಕನಿಗೆ ಬಾಯಿ ಜಾಸ್ತಿ, ತಂಗಿಗೆ ಬಾಯೇ ಇಲ್ಲ."

"ಬ್ರೆಡ್ ಸುಡೋರು ಬೇರೆ, ಬಟ್ಟೆ ಹೊಲಿಯೋರು ಬೇರೆ. ಕಣ್ಣು ಎಲ್ಲಿಟ್ಟಿದ್ದೀಯ?"

"ಕಣ್ಣು ಕಾಣ್ಸುತ್ತೆ ಅಂತಲೇ ಹೇಳಿದ್ದು. ಕಡೇಲಿ ತಂಗಿ ಬಿಟ್ಟು ಹೋಗ್ತಾಳೆ, ಹುಷಾರು," ಎಂದು ಪತ್ರಿಕೆಯನ್ನು ಮೇಜಿನ ಮೇಲೆ ಒಗೆದು ಹೋದ.

ತಂಗಿ ಗುಂಡಿ ತರಲು ಹೋಗಿದ್ದಳು. ಕತ್ತರಿಯಕ್ಕ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಿದಳು. ಕಥೆಯಲ್ಲಿ ಇಬ್ಬರು ಅಕ್ಕತಂಗಿಯರು ಬ್ರೆಡ್ ಅಂಗಡಿ ನಡೆಸುತ್ತಾರೆ. ಅಕ್ಕ ತಂಗಿಯನ್ನು ಒಲೆಯ ಹತ್ತಿರ ಬಿಡುವುದಿಲ್ಲ. ತಂಗಿ ಹಿಟ್ಟು ನಾದುತ್ತಲೇ ಇರುತ್ತಾಳೆ, ಒಲೆಯನ್ನು ನೋಡುತ್ತಲೇ ಇರುತ್ತಾಳೆ. ಒಂದು ಬೆಳಗ್ಗೆ ಏನೂ ಹೇಳದೆ ಹೋಗಿ ಬೇರೆ ಊರಿನ ಅಂಗಡಿಯಲ್ಲಿ ಒಲೆಯ ಮುಂದೆ ನಿಲ್ಲುತ್ತಾಳೆ. ಅಕ್ಕ ಅವಳನ್ನು ಕರೆಯಲು ಹೋಗುವುದಿಲ್ಲ. ಅಲ್ಲಿಗೆ ಕಥೆ ಮುಗಿದಿತ್ತು.

ಅಷ್ಟೇ ಆಗಿದ್ದರೆ ಕತ್ತರಿಯಕ್ಕ ಪತ್ರಿಕೆ ಮಡಿಸಿ ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಡುತ್ತಿದ್ದಳೋ ಏನೋ. ಆದರೆ ಆ ಬ್ರೆಡ್ಡಿನವಳು ಮಾತುಮಾತಿಗೆ "ನಾನೊಬ್ಬಳು ಇಲ್ಲದಿದ್ರೆ ನಿಮ್ಮ ಪಾಡು ನಾಯಿ ಪಾಡು" ಎನ್ನುತ್ತಿದ್ದಳು. ಅದು ಕತ್ತರಿಯಕ್ಕನದೇ ಮಾತು, ಅಕ್ಷರ ಸಮೇತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಅವಳು ತಿರುಗಿ ಕಿಟಕಿಯ ಪಕ್ಕದ ಖಾಲಿ ಸ್ಟೂಲನ್ನು ನೋಡಿದಳು. ತಂಗಿ ಹೋಗುತ್ತಾಳೆ. ಮಗಳಿಗೆ ಹೇಳಿದ್ದಾಳೆ, ಮಗಳು ಬರೆದಿದ್ದಾಳೆ.

ಕೇಳಿಬಿಡಬಹುದಿತ್ತು. ಊರಿಗೆಲ್ಲ ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳಿಗೆ ತಂಗಿಯ ಹತ್ತಿರ ಆ ಒಂದು ಪ್ರಶ್ನೆ ಬಾಯಿಗೆ ಬರಲಿಲ್ಲ. ಕೇಳಿ, ಅವಳು "ಹೌದು" ಅಂದುಬಿಟ್ಟರೆ? ಅವತ್ತಿಂದ ತಂಗಿ ದೊಡ್ಡದಾಗಿ ಉಸಿರು ಬಿಟ್ಟರೂ ಅನುಮಾನ, ಕಿಟಕಿಯಾಚೆ ನೋಡಿದರೂ ಅನುಮಾನ. ದೊಡ್ಡ ರಸ್ತೆಯ ಗಾರ್ಮೆಂಟ್ಸಿನವರು ಹೊಲಿಯುವವರು ಬೇಕೆಂದು ಗೇಟಿಗೆ ಬೋರ್ಡು ತೂಗುಹಾಕಿದ್ದರು. ಕತ್ತರಿಯಕ್ಕ ಇಷ್ಟು ದಿನ ಅದನ್ನು ಕಂಡೇ ಇರಲಿಲ್ಲ. ಈಗ ಕಣ್ಣು ಮುಚ್ಚಿದರೂ ಅದೇ ಕಾಣುತ್ತಿತ್ತು.

ಕೊನೆಗೆ ಅವಳು ಹೊಲಿಗೆಯವಳ ಹಾಗೆಯೇ ಯೋಚಿಸಿದಳು. ಕುತ್ತಿಗೆ ಬಿಗಿಯಾದರೆ ಕುತ್ತಿಗೆ ಬಿಚ್ಚಬೇಕು, ಅಂಗಿ ಬಿಸಾಡಬಾರದು. ಕಥೆಯ ತಂಗಿಗೆ ಒಲೆ ಸಿಗಲಿಲ್ಲವೆಂದು ತಾನೇ ಸಂಕಟ? ಹಾಗಾದರೆ ಈ ತಂಗಿಗೆ ಕತ್ತರಿ ಕೊಟ್ಟರೆ ಆಯಿತು.

ಆ ವಾರ ಊರಿನ ದೊಡ್ಡಾಸ್ಪತ್ರೆಯ ನರ್ಸುಗಳ ಕೋಟಿಗೆ ಬಟ್ಟೆ ಬಂದಿತ್ತು. ಒಳ್ಳೆಯ ನೀಲಿ ಬಟ್ಟೆ, ಒಂದು ಮುಖಕ್ಕೆ ಮಾತ್ರ ಹೊಳಪು, ಇನ್ನೊಂದು ಮುಖ ಮಂಕು. ಮುಂಭಾಗ ಹಿಂಭಾಗ ಎಲ್ಲ ತಾನೇ ಕತ್ತರಿಸಿ ಮುಗಿಸಿ, ತೋಳಿನ ಬಟ್ಟೆಯನ್ನೂ ರಟ್ಟಿನ ಅಚ್ಚನ್ನೂ ತಂಗಿಯ ಮುಂದೆ ಇಟ್ಟಳು. ಮೇಲೆ ಕತ್ತರಿ ಇಟ್ಟಳು.

"ತೋಳು ನೀನು ಕತ್ತರಿಸು."

ತಂಗಿ ಮೆಷಿನ್ ನಿಲ್ಲಿಸಿದಳು. "ಯಾಕಕ್ಕ, ಕೈ ನೋವಾ?"

"ನೋವೂ ಇಲ್ಲ ಗೀವೂ ಇಲ್ಲ. ಕತ್ತರಿಸು ಅಂದ್ರೆ ಕತ್ತರಿಸು."

"ನನಗೆ ಬರಲ್ಲ."

"ಇಷ್ಟು ವರ್ಷ ನೋಡ್ತಾ ಕೂತಿದ್ದೀಯಲ್ಲ."

"ಪಕ್ಕದಲ್ಲಿ ಕೂತವರಿಗೆಲ್ಲ ಲಾರಿ ಓಡಿಸೋಕೆ ಬರೋದಾಗಿದ್ರೆ ಕ್ಲೀನರ್‌ಗಳೆಲ್ಲ ಡ್ರೈವರ್ ಆಗ್ತಿದ್ರು. ಬೇಡಕ್ಕ, ಬಟ್ಟೆ ಹಾಳಾಗುತ್ತೆ."

"ಹಾಳಾದ್ರೆ ನನ್ನ ತಲೆ ಮೇಲೆ ಹಾಳಾಗಲಿ!" ಎಂದು ಕತ್ತರಿಯಕ್ಕ ಒಳಗೆ ಹೋದಳು. ಎದುರಿಗೆ ನಿಂತರೆ ಬಾಯಿ ಸುಮ್ಮನಿರುವುದಿಲ್ಲ ಎಂದು ಅವಳಿಗೇ ಗೊತ್ತಿತ್ತು. ಕೋಣೆಯಲ್ಲಿ ಕೂತು ಕತ್ತರಿಯ ಸದ್ದು ಕೇಳಿಸಿಕೊಂಡಳು. ಬೇರೆಯವರ ಕೈಯಲ್ಲಿ ಅದು ಬೇರೆ ಥರ ಸದ್ದು ಮಾಡುತ್ತಿತ್ತು, ಹಲ್ಲು ಕಡಿದ ಹಾಗೆ. ಎದ್ದು ಹೋಗಿ ಕಿತ್ತುಕೊಳ್ಳಬೇಕೆನಿಸಿದಾಗಲೆಲ್ಲ ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅಂಗಡಿಯಲ್ಲಿ ಹೆಡ್ ನರ್ಸಿನ ದನಿ ಕೇಳಿದಾಗ ಹೊರಗೆ ಬಂದಳು. ಹೆಡ್ ನರ್ಸು ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದಿದ್ದಳು. ತಂಗಿ ಕತ್ತರಿಸಿದ್ದನ್ನು ಮೇಜಿನ ಮೇಲೆ ನೀಟಾಗಿ ಪೇರಿಸಿ, ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದಳು. ಕತ್ತರಿಯಕ್ಕ ಮೇಲಿನ ತೋಳು ಎತ್ತಿಕೊಂಡಳು, ಇನ್ನೊಂದನ್ನು ಎತ್ತಿಕೊಂಡಳು. ಮತ್ತೊಂದು. ಇನ್ನೂ ಒಂದು.

ತೋಳು ಕತ್ತರಿಸುವಾಗ ಬಟ್ಟೆಯನ್ನು ಹೊಳಪಿಗೆ ಹೊಳಪು ತಾಗುವ ಹಾಗೆ ಮಡಿಸಿ ಹಾಸಬೇಕು. ಆಗ ಒಂದೇ ಏಟಿಗೆ ಎಡಗೈಯದೂ ಬಲಗೈಯದೂ ಬರುತ್ತವೆ. ತಂಗಿ ಬಟ್ಟೆ ಕೆಡಬಾರದೆಂಬ ಹೆದರಿಕೆಯಲ್ಲಿ ಪ್ರತಿ ಪದರವನ್ನೂ ಹೊಳಪು ಮೇಲೆ ಮಾಡಿ, ಸುಕ್ಕು ಬಿಡಿಸಿ, ಒಂದರ ಮೇಲೆ ಒಂದು ಹಾಸಿ ಕತ್ತರಿಸಿದ್ದಳು. ಗೆರೆ ತಪ್ಪಿರಲಿಲ್ಲ, ಅಂಚು ಹರಿದಿರಲಿಲ್ಲ. ಆದರೆ ಅಷ್ಟೂ ತೋಳುಗಳು ಎಡಗೈಯವು.

ಕತ್ತರಿಯಕ್ಕನ ಕೋಪ ಮೂಗಿನ ತುದಿಯಲ್ಲಿ ಇರುವಂಥದ್ದು. ಇಷ್ಟು ದಿನ ಹಿಡಿದಿಟ್ಟಿದ್ದರಿಂದ ಇನ್ನೂ ಹುಳಿಯಾಗಿತ್ತು.

"ಎಲ್ಲಾ ಎಡಗೈ! ಆಸ್ಪತ್ರೆ ನರ್ಸುಗಳಿಗೆಲ್ಲ ಎರಡೂ ಎಡಗೈ ಅಂದುಕೊಂಡ್ಯೇನೇ? ಇವರು ಇಂಜೆಕ್ಷನ್ ಯಾವ ಕೈಲಿ ಚುಚ್ಚಬೇಕು, ಕಾಲಲ್ಲಾ?"

"ಅಕ್ಕಾ, ಗಿರಾಕಿ ಇದ್ದಾರೆ..."

"ಇರಲಿ, ನೋಡಲಿ! ಇದಕ್ಕೇನಾ ನಿನಗೆ ಕತ್ತರಿ ಬೇಕಾಗಿದ್ದು?"

"ನಾನು ಯಾವಾಗ ಕೇಳಿದೆ?"

"ನಿನ್ನ ಮಗಳು ಬರೆದಿದ್ದಾಳಲ್ಲ! ಅಕ್ಕ ಒಲೆ ಹತ್ತಿರ ಬಿಡಲ್ಲ, ಅದಕ್ಕೇ ತಂಗಿ ಓಡಿಹೋದಳು ಅಂತ!"

"ಯಾವ ಒಲೆ?" ತಂಗಿಗೆ ನಿಜವಾಗಿಯೂ ತಿಳಿಯಲಿಲ್ಲ. ಮಗಳ ಕಥೆಯನ್ನು ಅವಳು ಇನ್ನೂ ಓದಿರಲಿಲ್ಲ. ದಿನವಿಡೀ ಹೊಲಿಗೆ ನೋಡಿದ ಕಣ್ಣಿಗೆ ಸಂಜೆ ಅಕ್ಷರ ಕಾಣುತ್ತಿರಲಿಲ್ಲ.

"ನಾಟಕ ಆಡಬೇಡ. ಹೋಗಬೇಕು ಅಂತಿದ್ರೆ ಹೋಗು. ಬಾಗಿಲು ತೆಗೆದೇ ಇದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಂಗಿ ಮಡಿಲಿನ ನೂಲಿನ ಚೂರುಗಳನ್ನು ಕೊಡವಿ ಎದ್ದಳು. ಮೆಷಿನ್ನಿಗೆ ಮುಸುಕು ಹಾಕಿದಳು. ಚಪ್ಪಲಿ ಮೆಟ್ಟಿಕೊಂಡು, ಹೆಡ್ ನರ್ಸಿಗೆ ಮಾತ್ರ "ಬರ್ತೀನಿ" ಎಂದು ಹೇಳಿ ಹೊರಟುಹೋದಳು. ಹೆಡ್ ನರ್ಸು ಆಸ್ಪತ್ರೆಯಲ್ಲಿ ಎಂತೆಂಥದೋ ನೋಡಿದವಳು. ಅವಳಿಗೂ ಅಲ್ಲಿ ನಿಲ್ಲಲಾಗಲಿಲ್ಲ. "ಕೋಟು ನಿಧಾನಕ್ಕೆ ಆಗ್ಲಿ" ಎಂದು ಮೆಟ್ಟಿಲಿಳಿದಳು.

ಮಾರನೆಯ ದಿನ ತಂಗಿ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಕತ್ತರಿಯಕ್ಕ ಉಳಿದ ಬಟ್ಟೆಯಲ್ಲಿ ಬಲಗೈ ತೋಳುಗಳನ್ನು ಕತ್ತರಿಸಿ, ತಾನೇ ಮೆಷಿನ್ನಿಗೆ ಕೂತಳು. ಕಾಲಿಗೆ ಲಯ ಸಿಗಲಿಲ್ಲ. ಚಕ್ರ ಹಿಂದಕ್ಕೆ ತಿರುಗಿ ನೂಲು ಕಿತ್ತುಕೊಂಡಿತು. ಹೊಲಿದ ಒಂದು ತೋಳು ಕುಡಿದವನ ಹೆಜ್ಜೆಯ ಹಾಗೆ ಅತ್ತಿತ್ತ ವಾಲಿತ್ತು. ಅವಳು ಮೆಷಿನ್ನಿಗೂ ಬೈದಳು, ಆದರೆ ಮೆಷಿನ್ನು ಬೈಗುಳಕ್ಕೆ ಬಗ್ಗುವ ಜಾತಿಯಲ್ಲ.

ಬೀಗದವನು ಎದುರಂಗಡಿಯಿಂದಲೇ ಕೂಗಿ ಹೇಳಿದ: "ಅಕ್ಕಾ, ನಿಮ್ಮ ತಂಗಿ ಬೆಳಗ್ಗೆ ಗಾರ್ಮೆಂಟ್ಸ್ ಗೇಟ್ ಹತ್ತಿರ ನಿಂತಿದ್ರು. ಕಥೇಲಿ ಇದ್ದ ಹಾಗೇ ಆಯ್ತಲ್ಲ!"

"ಇನ್ನೊಂದು ಮಾತು ಆಡಿದ್ರೆ ನಿನ್ನ ತುಟಿಗೆ ಕಾಜ ಹೊಲಿದು ಗುಂಡಿ ಹಾಕ್ತೀನಿ," ಎಂದಳು ಕತ್ತರಿಯಕ್ಕ. ಆದರೆ ದನಿಯಲ್ಲಿ ಮೊದಲಿನ ಖಾರ ಇರಲಿಲ್ಲ. ಅದನ್ನು ಕಂಡು ಬೀಗದವನೇ ಸುಮ್ಮನಾದ.

ಆ ಸಂಜೆ ಹುಡುಗಿ ಕೆಲಸ ಮುಗಿಸಿ ಅಂಗಡಿಗೆ ಬಂದಳು. ಬಾಗಿಲಲ್ಲೇ ನಿಂತಳು.

"ಒಳಗೆ ಬಾ. ನಾನೇನು ಕಚ್ತೀನಾ?"

"ಗೊತ್ತಿಲ್ಲ ದೊಡ್ಡಮ್ಮ."

"ಯಾರನ್ನ ಕೇಳಿ ನನ್ನ ಅಳತೆ ತೆಗೆದೆ?"

"ಅಳತೆ ತೆಗೆದಿಲ್ಲ. ಅದು ರೆಡಿಮೇಡ್. ಯಾರಿಗೆ ಸರಿಹೋಗುತ್ತೋ ಅವರು ಹಾಕ್ಕೋತಾರೆ."

"ರೆಡಿಮೇಡ್ ಅಂತೆ! ನನ್ನ ಅಂಗಡೀಲಿ ನಿಂತು ನನಗೇ ರೆಡಿಮೇಡ್ ಹೇಳ್ತೀಯಾ? ರೆಡಿಮೇಡ್ ಯಾವತ್ತಾದ್ರೂ ಬಗಲಿಗೆ ಇಷ್ಟು ಸರಿಯಾಗಿ ಕೂರುತ್ತಾ? 'ನಾನೊಬ್ಬಳು ಇಲ್ಲದಿದ್ರೆ' ಅನ್ನೋದು ಯಾರ ಮಾತೇ?"

ಹುಡುಗಿ ತಲೆ ತಗ್ಗಿಸಿದಳು. "ನಿನ್ನದು. ಅದೊಂದು ತಗೊಂಡೆ. ಮಿಕ್ಕಿದ್ದು ಕಟ್ಟಿದ್ದು. ಅಮ್ಮಂಗೆ ಕತ್ತರಿ ಬೇಕು ಅಂತ ನಾನೆಲ್ಲೂ ಬರೆದಿಲ್ಲ. ನಿನ್ನ ಕತ್ತರಿ ಕಂಡ್ರೆ ಅಮ್ಮಂಗೆ ಕೈಕಾಲು ಆಡಲ್ಲ."

"ಮತ್ತೆ ಆ ಬ್ರೆಡ್ಡಿನವಳ ತಂಗಿಗೆ ಒಲೆ ಯಾಕೆ ಬೇಕಾಯ್ತು?"

"ಅವಳು ಬೇರೆಯವಳು ದೊಡ್ಡಮ್ಮ. ಅವಳನ್ನ ಹುಟ್ಟಿಸಿದ್ದು ನಾನು, ಅವಳಿಗೇನು ಬೇಕು ಅಂತ ನನಗೆ ಗೊತ್ತು. ಅಮ್ಮಂಗೇನು ಬೇಕು ಅಂತ ಅಮ್ಮನ್ನೇ ಕೇಳಬೇಕಿತ್ತು." ಸ್ವಲ್ಪ ತಡೆದು, "ನೀವಿಬ್ಬರೂ ಹೀಗಾಗ್ತೀರಿ ಅಂತ ಗೊತ್ತಿದ್ರೆ ಬರೀತಾನೇ ಇರಲಿಲ್ಲ. ಇನ್ನು ಬರೆಯೋದೂ ಇಲ್ಲ ಬಿಡು," ಎಂದಳು. ಕಣ್ಣು ತುಂಬಿತ್ತು.

"ಏಯ್, ಬರೀಬೇಡ ಅಂತ ಯಾರು ಹೇಳಿದ್ರು? ಗಿರಾಕಿ ಸರಿಹೋಗಲಿಲ್ಲ ಅಂದ ಅಂತ ನಾನು ಕತ್ತರಿ ಬಿಟ್ಟಿದ್ದೀನಾ?"

"ಗಿರಾಕಿ ನಿನಗೆಲ್ಲಿ ಹಾಗಂತಾರೆ? ಅವರು ಬಾಯಿ ತೆರೆಯೋ ಮುಂಚೆ ನೀನೇ ಬೈದಿರ್ತೀಯ."

ಕತ್ತರಿಯಕ್ಕನಿಗೆ ನಗು ಬರುವುದರಲ್ಲಿತ್ತು. ತಡೆದುಕೊಂಡಳು. "ಬರಿ. ಆದ್ರೆ ನಿನ್ನ ಕಥೇಲಿ ಒಂದು ತಪ್ಪಿದೆ. ಅಕ್ಕ ಕರೆಯೋಕೆ ಹೋಗಲಿಲ್ಲ ಅಂತ ಬರೆದಿದ್ದೀಯಲ್ಲ. ಯಾವ ಅಕ್ಕ ಹೋಗಲ್ಲ? ಅಷ್ಟು ಕಟುಕಿ ಎಲ್ಲಾದ್ರೂ ಇರ್ತಾಳಾ?"

ಹುಡುಗಿ ಮುಸುಕು ಹಾಕಿದ ಮೆಷಿನ್ನಿನ ಕಡೆ ಒಮ್ಮೆ ನೋಡಿದಳು, ದೊಡ್ಡಮ್ಮನ ಕಡೆ ಒಮ್ಮೆ ನೋಡಿದಳು. "ಅಮ್ಮ ಮನೇಲೇ ಇದ್ದಾಳೆ," ಎಂದಳು, ಅಷ್ಟೇ.

ಕತ್ತರಿಯಕ್ಕ ಅಂಗಡಿಯ ಬಾಗಿಲನ್ನು ಹುಡುಗಿಗೆ ಬಿಟ್ಟು ಹಾಗೇ ತಂಗಿಯ ಮನೆಗೆ ನಡೆದಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಲೆಕ್ಕ ಹಾಕಿದಳು. ಹಾಕಿದ್ದೆಲ್ಲ ಬೈಗುಳವೇ ಆಗಿ ಹೊರಬರುತ್ತಿತ್ತು.

ತಂಗಿ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಕೋಣೆಯಿಂದ ಗಂಡನ ಗೊರಕೆ ಬರುತ್ತಿತ್ತು. ಅಕ್ಕನನ್ನು ಕಂಡು ಎದ್ದೇಳಲಿಲ್ಲ.

"ಗಾರ್ಮೆಂಟ್ಸ್‌ಗೆ ಸೇರಿದ್ಯಂತೆ."

"ಕೇಳಿಕೊಂಡು ಬಂದೆ. ಸೋಮವಾರದಿಂದ ಬಾ ಅಂದಿದ್ದಾರೆ. ಬರೀ ಕಾಲರ್ ಹೊಲಿಯೋದಂತೆ, ದಿನವೆಲ್ಲ."

"ಹೋಗ್ತೀಯಾ?"

"ಹೋಗು ಅಂದೋಳು ನೀನೇ. ನನ್ನ ತಲೇಲಿ ಆ ಯೋಚನೆ ಕನಸಲ್ಲೂ ಇರಲಿಲ್ಲ. ನೀನು ಹುಳ ಬಿಟ್ಟೆ. ಆಮೇಲೆ ದಾರೀಲಿ ನಡೀತಾ ಅಂದುಕೊಂಡೆ, ಹೌದಲ್ಲ, ಹೋಗಬಹುದಲ್ಲ ಅಂತ."

ಕತ್ತರಿಯಕ್ಕ ಬಾಗಿಲ ಹೊಸ್ತಿಲಲ್ಲೇ ಕುಸಿದು ಕೂತಳು. ಎಷ್ಟೋ ದಿನದಿಂದ ನುಂಗಿಕೊಂಡಿದ್ದ ಪ್ರಶ್ನೆ ಈಗ ಬೇರೆ ರೂಪದಲ್ಲಿ ಬಾಯಿಗೆ ಬಂತು. "ನಿನಗೇನು ಬೇಕೇ? ಕತ್ತರಿ ಬೇಡ ಅಂತ ಗೊತ್ತಾಯ್ತು. ಮತ್ತೇನು ಬೇಕು?"

ತಂಗಿ ಚಾಕು ಕೆಳಗಿಟ್ಟಳು. ಈರುಳ್ಳಿಯಿಂದಲೋ ಏನೋ, ಮೂಗು ಒರೆಸಿಕೊಂಡಳು. "ಗಿರಾಕಿ ಮುಂದೆ ಬೈಬೇಡ. ಮನೇಲಿ ಬೈಯಿ, ಒಳಗೆ ಕೋಣೇಲಿ ಬೈಯಿ, ಕೇಳ್ತೀನಿ. ಗಿರಾಕಿ ಮುಂದೆ ಬೈದಾಗ ನನಗೆ ನೆಲ ಬಾಯಿ ಬಿಡಬಾರದಾ ಅನ್ಸುತ್ತೆ. ನನ್ನ ಮಗಳು ಕೆಲಸಕ್ಕೆ ಹೋಗೋ ವಯಸ್ಸಿಗೆ ಬಂದಳು ಅಕ್ಕಾ. ನಾನಿನ್ನೂ ಕೈ ಕಟ್ಟಿ ನಿಂತು ಬೈಸಿಕೊಳ್ತಾ ಇದ್ದೀನಿ."

ಗೊರಕೆ ಒಂದು ಸುತ್ತು ನಿಂತು ಮತ್ತೆ ಶುರುವಾಯಿತು.

"ಅದು ಆಗಲ್ಲ," ಎಂದಳು ಕತ್ತರಿಯಕ್ಕ.

"ಏನು ಆಗಲ್ಲ?"

"ಬೈಯದೆ ಇರೋಕೆ. ಆಗುತ್ತೆ ಅಂತ ಈಗ ಹೇಳಿ ನಾಳೆನೇ ಬೈದ್ರೆ ನಾನು ಸುಳ್ಳಿ ಆಗ್ತೀನಿ. ನನ್ನ ಬಾಯಿ ನನ್ನ ಮಾತು ಕೇಳಲ್ಲ. ಅಪ್ಪ ಸಾಯೋವಾಗಲೂ ದಿಂಬು ಸರಿಯಾಗಿ ಇಟ್ಟುಕೊಳ್ಳಲ್ಲ ಅಂತ ಬೈದೋಳು ನಾನು."

"ಹಾಗಾದ್ರೆ ಸೋಮವಾರ ಹೋಗ್ತೀನಿ," ಎಂದು ತಂಗಿ ಮತ್ತೆ ಚಾಕು ಎತ್ತಿಕೊಂಡಳು.

"ತಡಿ, ಪೂರ್ತಿ ಕೇಳು. ನಾನು ಬೈದ್ರೆ ನೀನೂ ಬೈಯಿ. ಗಿರಾಕಿ ಮುಂದೇನೇ. ನಾನು ಒಂದು ಅಂದ್ರೆ ನೀನು ಎರಡು ಅನ್ನು. ನಾನು ಮುಚ್ಚಿಕೊಂಡು ಕೇಳ್ತೀನಿ. ಅದು ಮಾತ್ರ ಆಣೆ ಮಾಡಿ ಹೇಳ್ತೀನಿ."

ತಂಗಿ ಬಾಯಿ ಬಿಟ್ಟು ನೋಡಿದಳು. "ನಾನು ನಿನಗೆ ಬೈಯೋದಾ?"

"ಹೂಂ. ಈಗಲೇ ಅಭ್ಯಾಸ ಮಾಡು. ಕತ್ತೆ ಅನ್ನು."

"ಥೂ, ಅಕ್ಕಂಗೆ ಹಾಗೆಲ್ಲ ಅಂತಾರಾ?"

"ಅನ್ನು ಅಂದ್ರೆ ಅನ್ನೇ, ಮೊದ್ದೆ! ಒಂದು ಮಾತು ಬರಲ್ವಾ ನಿನಗೆ?"

"ಕತ್ತೆ," ಎಂದಳು ತಂಗಿ, ಪಿಸುಮಾತಿನಲ್ಲಿ. ಅಂದ ತಕ್ಷಣ ತಾನೇ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಒಳಗೆ ಗೊರಕೆ ನಿಂತಿತು. "ಯಾರಿಗೆ ಅಂದೆ? ನನಗಾ?" ಎಂದು ಗಂಡನ ದನಿ ಬಂತು.

"ನಿಮಗಲ್ಲ, ಮಲಗಿ," ಎಂದರು ಇಬ್ಬರೂ ಒಟ್ಟಿಗೆ.

ಅವತ್ತು ತಂಗಿ ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಸೋಮವಾರ ಅಂಗಡಿ ತೆರೆದ ಕತ್ತರಿಯಕ್ಕ ಮೇಜನ್ನು ಒರೆಸಿದಳು, ಆಮೇಲೆ ಮತ್ತೊಮ್ಮೆ ಒರೆಸಿದಳು. ಗಾರ್ಮೆಂಟ್ಸಿನ ಸೈರನ್ ಕೂಗಿತು. ಸೈರನ್ ಕೂಗಿ ಸ್ವಲ್ಪ ಹೊತ್ತಾದ ಮೇಲೆ ತಂಗಿ ಬಂದಳು. ಚಪ್ಪಲಿ ಬಿಟ್ಟು, ಮೆಷಿನ್ನಿನ ಮುಸುಕು ತೆಗೆದು, ಅಕ್ಕ ಹೊಲಿದಿದ್ದ ಕುಡುಕ ತೋಳನ್ನು ಎತ್ತಿ ನೋಡಿ, ಬಿಚ್ಚತೊಡಗಿದಳು.

ಹೆಡ್ ನರ್ಸು ಆ ವಾರದ ಕೊನೆಗೆ ಒಂದು ಮಧ್ಯಾಹ್ನ ಬಂದಳು. ಕತ್ತರಿಯಕ್ಕ ಹೊಲಿದಿಟ್ಟ ಕೋಟುಗಳನ್ನು ತೆಗೆದು ತೋರಿಸುತ್ತಿದ್ದಳು. ಒಂದು ಕೋಟಿನ ಕೊನೆಯ ಗುಂಡಿ ಇನ್ನೂ ಹಾಕಿರಲಿಲ್ಲ.

"ಗುಂಡಿ ಎಲ್ಲೇ? ಎಲ್ಲಿ ಮೇಯೋಕೆ ಹೋಗಿತ್ತು ನಿನ್ನ ಬುದ್ಧಿ? ನಾನೊಬ್ಬಳು ನೋಡದಿದ್ರೆ..."

ಅಂಗಡಿಯಲ್ಲಿ ಮೆಷಿನ್ ನಿಂತಿತು. ಹೆಡ್ ನರ್ಸು ಬಾಗಿಲ ಕಡೆ ಒಂದು ಹೆಜ್ಜೆ ಸರಿದಳು.

ತಂಗಿಯ ಕಿವಿ ಕೆಂಪಾಯಿತು. ತಲೆ ಎತ್ತದೆಯೇ, ಆದರೆ ಎದುರಂಗಡಿಗೂ ಕೇಳುವ ಹಾಗೆ ಹೇಳಿದಳು: "ಗುಂಡಿ ತಂದುಕೊಡ್ತೀನಿ ಅಂದೋಳು ನೀನು. ಎರಡು ದಿನದಿಂದ ಡಬ್ಬ ಖಾಲಿ. ಮೊದಲು ನಿನ್ನ ಬುದ್ಧಿ ಎಲ್ಲಿ ಮೇಯ್ತಿದೆ ನೋಡ್ಕೋ."

ಕತ್ತರಿಯಕ್ಕನ ಮುಖ ಬಿಸಿಯಾಯಿತು. ಬಾಯಿ ತೆರೆದಳು. ಆಣೆ ಮಾಡಿದ್ದು ನೆನಪಾಯಿತು. ಬಾಯಿ ಮುಚ್ಚಿದಳು. ಮತ್ತೆ ತೆರೆದಳು, ಮತ್ತೆ ಮುಚ್ಚಿದಳು. ಕೈಚೀಲ ತೆಗೆದುಕೊಂಡು, "ನೀಲಿದು ತಾನೇ?" ಎಂದು ಕೇಳಿದಳು.

"ನೀಲಿದೇ. ನಾಲ್ಕು ತೂತಿನದು ತಾ, ಎರಡು ತೂತಿನದು ತರಬೇಡ," ಎಂದಳು ತಂಗಿ.

ಕತ್ತರಿಯಕ್ಕ ಮೆಟ್ಟಿಲಿಳಿದು ಗುಂಡಿ ತರಲು ಹೋದಳು.